ಬಿಸಿಲು ಶುರುವಾಯಿತು, ಕೋಳಿಗಳು ಪಾತಿ ಕೆದರಿ ಹಾಕುತ್ತಿವೆ, ಮೊಟ್ಟೆಯೂ ಕಡಿಮೆ. ಕೋಳಿ ಇಟ್ಟುಕೊಳ್ಳಲಾ, ಮಾರಲಾ?

ಹಿತ್ತಲ_ಬಾಗಿಲು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ ಉತ್ತರ ಹೇಳಿ.

ನಮ್ಮ ಮನೆ ದಾವಣಗೆರೆ ಊರಂಚಿನ ಬಡಾವಣೆಯಲ್ಲಿದೆ. ಹಿಂದೆ ಸುಮಾರು 30 ಅಡಿ ಉದ್ದ, 18 ಅಡಿ ಅಗಲದ ಹಿತ್ತಲು. ಒಂದು ನುಗ್ಗೆ ಮರ, ಒಂದು ಕರಿಬೇವು, ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ. ಉಳಿದ ಜಾಗದಲ್ಲಿ ನಾಲ್ಕು ಪಾತಿ ಮಾಡಿ ಬದನೆ, ಟೊಮೆಟೊ, ಮೆಣಸಿನಗಿಡ, ಮೆಂತೆ-ಕೊತ್ತಂಬರಿ ಹಾಕಿದ್ದೇನೆ. ಕೋಳಿ ಎಂಟು ಇದ್ದವು. ಐದು ನಾಟಿ ಹ್ಯಾಟೆ, ಎರಡು ಗಿರಿರಾಜ ಹ್ಯಾಟೆ, ಒಂದು ಹುಂಜ. ಈಗ ಏಳು.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು ನೋಡಿ, ಅಲ್ಲಿಂದ ಕಷ್ಟ ಶುರು. ಸಂಕ್ರಾಂತಿ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಮೊಟ್ಟೆ ಸಿಗುತ್ತಿದ್ದವು. ಈಗ ಒಂದು ಸಿಕ್ಕರೆ ಹೆಚ್ಚು. ಮೊನ್ನೆ ಗೂಡಿಂದ ತೆಗೆದ ಮೊಟ್ಟೆ ಹೆಬ್ಬೆರಳು ತಾಗಿದ್ದಕ್ಕೇ ಒಡೆದು ಕೈ ತುಂಬ ಆಯಿತು, ಸಿಪ್ಪೆ ಹಪ್ಪಳದ ಹಾಗೆ ತೆಳ್ಳಗೆ. ಹನ್ನೊಂದು ಗಂಟೆ ಆಯಿತೆಂದರೆ ಎಲ್ಲ ಕೋಳಿಗಳೂ ಬಾಯಿ ಬಿಟ್ಟುಕೊಂಡು, ರೆಕ್ಕೆ ಇಳಿಬಿಟ್ಟುಕೊಂಡು ನಿಲ್ಲುತ್ತವೆ. ಅದನ್ನು ನೋಡಿ ಅಡುಗೆಮನೆಯಲ್ಲಿ ನನಗೆ ಊಟ ಸೇರುವುದಿಲ್ಲ.

ಕಳೆದ ಗುರುವಾರ ಮಧ್ಯಾಹ್ನ ಎರಡೂವರೆಗೆ ಒಂದು ಹೋಯಿತು. ಮಚ್ಚೆ ಅಂತ ಕರೆಯುತ್ತಿದ್ದೆವು, ಎರಡು ಸಲ ಮರಿ ಮಾಡಿದ್ದ ಕೋಳಿ. ಮೊಟ್ಟೆ ಇಡಲು ಗೂಡಿನೊಳಗೆ ಹೋಗಿದ್ದು ಹೊರಗೆ ಬರಲೇ ಇಲ್ಲ. ಗೂಡು ಪಶ್ಚಿಮದ ಗೋಡೆಗೆ ಒತ್ತಿಕೊಂಡಿದೆ, ಮೇಲೆ ತಗಡು. ಆಮೇಲೆ ಒಳಗೆ ಕೈ ಹಾಕಿ ನೋಡಿದೆ, ರೊಟ್ಟಿ ಹಂಚಿನ ಪಕ್ಕ ಕೈ ಇಟ್ಟ ಹಾಗಿತ್ತು. ಇದನ್ನು ಮೊದಲೇ ಯಾಕೆ ನೋಡಲಿಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತದೆ.

ಇನ್ನೊಂದು ಕಡೆ ಪಾತಿಗಳ ಗತಿ ಹೀಗಾಗಿದೆ. ನಾನು ಬೆಳಿಗ್ಗೆ ನೀರು ಹಾಕಿ ಒಳಗೆ ಬರುವಷ್ಟರಲ್ಲಿ ಎಲ್ಲವೂ ಬದನೆ ಪಾತಿಗೆ ಇಳಿದಿರುತ್ತವೆ. ಕೆದರಿ ಕೆದರಿ ಬೇರು ಹೊರಗೆ ಬಂದಿದೆ. ಮೆಂತೆ ಅಂತೂ ಮುಗಿಯಿತು. ಮೆಣಸಿನಗಿಡಕ್ಕೆ ಒಳ್ಳೆಯದಾಗಲಿ ಅಂತ ಗೂಡಿನ ಗೊಬ್ಬರ ಹಾಕಿದೆ, ಒಂದೇ ವಾರಕ್ಕೆ ಎಲೆಯ ಅಂಚೆಲ್ಲ ಸುಟ್ಟ ಹಾಗೆ ಆಯಿತು. ನೀರಿನದ್ದೂ ಯೋಚನೆ, ನಲ್ಲಿ ನೀರು ದಿನಾ ಬರುವುದಿಲ್ಲ, ಬೋರ್‌ವೆಲ್ ಈಗಲೇ ಬಿಟ್ಟು ಬಿಟ್ಟು ಎತ್ತುತ್ತಿದೆ. ಗಿಡಕ್ಕೆ ಹಾಕುವುದಾ, ಕೋಳಿಗೆ ಇಡುವುದಾ?

ನಮ್ಮ ಅತ್ತೆ ಹೇಳುವುದು, ಯುಗಾದಿ ಮುಂದೆ ನಾಟಿ ಕೋಳಿಗೆ ಒಳ್ಳೆ ರೇಟು, ಈಗ ಕೊಟ್ಟುಬಿಡು, ಮಳೆ ಬಿದ್ದ ಮೇಲೆ ಮತ್ತೆ ತರೋಣ ಅಂತ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಮಗನಿಗೆ ಒಂಬತ್ತು ವರ್ಷ, ಮಚ್ಚೆ ಸತ್ತ ದಿನ ಅವನು ಉಂಡಿಲ್ಲ. ನನಗೂ ಕೊಡಲು ಮನಸ್ಸಿಲ್ಲ. ನಮ್ಮ ಕಡೆ ಬಿಸಿಲಲ್ಲಿ ಕೋಳಿ, ಕೈತೋಟ ಎರಡನ್ನೂ ಒಟ್ಟಿಗೆ ನಡೆಸುತ್ತಿರುವವರು ಇದ್ದರೆ ದಯವಿಟ್ಟು ಹೇಳಿ.


ಚಳ್ಳಕೆರೆ_ಶೇಂಗಾ (ಚಳ್ಳಕೆರೆ)

ತಂಗಿ, ಕೋಳಿ ಕೊಡಬೇಡಿ. ಮೊದಲು ಒಂದು ಗುಂಡಿ ತೋಡಿ.

ನೀವು ಬರೆದದ್ದರಲ್ಲೇ ಉತ್ತರ ಇದೆ. ನೀರು ಹಾಕಿದ ಕೂಡಲೇ ಪಾತಿಗೆ ಇಳಿಯುತ್ತವೆ ಅಂದಿರಿ. ಹುಳದ ಆಸೆ ಇದ್ದೇ ಇರುತ್ತದೆ, ಆದರೆ ಈ ಕಾಲದಲ್ಲಿ ಅವು ಬರುವುದು ತಂಪಿಗೆ. ಹಿತ್ತಲಲ್ಲೆಲ್ಲ ಹಸಿ ಮಣ್ಣು ಇರುವುದು ನಿಮ್ಮ ಪಾತಿಯಲ್ಲಿ ಮಾತ್ರ. ಮೇಲಿನ ಬಿಸಿ ಮಣ್ಣು ಕೆದರಿ ಎಸೆದು, ಕೆಳಗಿನ ತಣ್ಣನೆ ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗುತ್ತವೆ. ಅದಕ್ಕಿಂತ ಒಳ್ಳೆ ಜಾಗ ಬೇರೆ ಕಡೆ ಕೊಟ್ಟರೆ ನಿಮ್ಮ ಬದನೆ ಅವಕ್ಕೆ ಬೇಡ. ಇದನ್ನು ನಾನು ಹನ್ನೆರಡು ಬೇಸಿಗೆ ನೋಡಿದ್ದೇನೆ, ಅದೂ ಚಳ್ಳಕೆರೆಯಲ್ಲಿ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ.

ನಿಮ್ಮಲ್ಲಿ ಬಾಳೆ ಬುಡ ಇದೆ, ಅದೇ ಸರಿಯಾದ ಜಾಗ. ಬಾಳೆಗೂ ಗೋಡೆಗೂ ನಡುವೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಗೇಣು ಆಳ ತೋಡಿ ಮರಳು, ತೋಡಿದ ಮಣ್ಣು ಎರಡನ್ನೂ ಕಲಸಿ ತುಂಬಿ. ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಅರ್ಧ ಬಕೆಟ್ ನೀರು ಚಿಮುಕಿಸಿ. ಕೆಸರು ಆಗಬಾರದು, ಮುಷ್ಟಿ ಹಿಡಿದರೆ ಉಂಡೆ ಆಗಬೇಕು, ಬಿಟ್ಟರೆ ಒಡೆಯಬೇಕು, ಅಷ್ಟು ಸಾಕು. ನಾನು ಹೊಂಗೆ ಮರದ ಕೆಳಗೆ ಮಾಡಿದ್ದೇನೆ. ಮಧ್ಯಾಹ್ನ ಅಲ್ಲಿ ನೋಡಿದರೆ ಹದಿನಾಲ್ಕು ಕೋಳಿಯೂ ಸಾಲಾಗಿ ಕಾಲು ಚಾಚಿ ಮಲಗಿರುತ್ತವೆ, ನೋಡಿದರೆ ಹೊಟ್ಟೆ ತಂಪಾಗುತ್ತದೆ.

ಗೂಡಿನ ತಗಡಿನ ಮೇಲೆ ಇವತ್ತೇ ಸುಣ್ಣ ಬಳಿಸಿ, ಅದರ ಮೇಲೆ ತೆಂಗಿನ ಗರಿಯನ್ನು ಎರಡು ಪದರ ಹಾಸಿ. ತಗಡಿಗೂ ಗರಿಗೂ ನಡುವೆ ನಾಲ್ಕು ಇಟ್ಟಿಗೆ ಇಟ್ಟು ಗಾಳಿ ಓಡಾಡಲು ಜಾಗ ಬಿಡಿ, ಅದು ಮುಖ್ಯ. ಗಾಳಿ ಬರುವ ಕಡೆ ಗೋಣಿಚೀಲ ಇಳಿಬಿಟ್ಟು ನೆನೆಸಿ. ನಮ್ಮ ಚಿತ್ರದುರ್ಗ-ದಾವಣಗೆರೆ ಕಡೆ ಒಣ ಬಿಸಿಲು, ಹಾಗಾಗಿ ಗೋಣಿ ಬೇಗ ಆರುತ್ತದೆ, ಆರುವಾಗ ಗಾಳಿ ತಣ್ಣಗಾಗುತ್ತದೆ. ಮಂಗಳೂರಿನ ಕಡೆಯ ಸೆಕೆಗೆ ಇದು ನಡೆಯುವುದಿಲ್ಲ, ನಮಗೆ ನಡೆಯುತ್ತದೆ. ಸಾಧ್ಯವಾದರೆ ಮಳೆಗಾಲದೊಳಗೆ ಗೂಡನ್ನೇ ಆ ಗೋಡೆಯಿಂದ ತೆಗೆಯಿರಿ. ಪಶ್ಚಿಮದ ಗೋಡೆ ಸಂಜೆವರೆಗೂ ಬಿಸಿಲು ಕುಡಿದು, ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ.

ಇನ್ನೊಂದು ಮಾತು. ಶೇಂಗಾ ಹಿಂಡಿ ಹಾಕುವವರು ವಾಸನೆ ನೋಡಿ ಹಾಕಿ. ನಮ್ಮೂರಲ್ಲಿ ಎಣ್ಣೆ ಗಾಣ ಜಾಸ್ತಿ, ಹಿಂಡಿ ಸುಲಭಕ್ಕೆ ಸಿಗುತ್ತದೆ. ಆದರೆ ಮುಗ್ಗಿದ ಹಿಂಡಿಯಲ್ಲಿ ಬೂಷ್ಟಿನ ವಿಷ ಇರುತ್ತದೆ, ಕೋಳಿಯ ಈಲಿಗೇ ಹೊಡೆತ. ಎರಡು ವರ್ಷದ ಹಿಂದೆ ಒಂದು ಚೀಲ ಅಂಥದ್ದು ಬಂದು ನಾನು ನಾಲ್ಕು ಕೋಳಿ ಕಳೆದುಕೊಂಡೆ.


ಭಟ್ಟಿ_ಓಣಿ (ದಾವಣಗೆರೆ)

ಅಕ್ಕಾ, ಮಚ್ಚೆ ವಿಷಯ ಓದಿ ಬೇಜಾರಾಯಿತು. ನೀವು ಬೇಕಂತ ಮಾಡಿದ್ದಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಮ್ಮದೂ ದಾವಣಗೆರೆನೇ. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ, ಹಾಗಾಗಿ ಭತ್ತದ ಹೊಟ್ಟಿನ ಬೂದಿಗೆ ಕೊರತೆ ಇಲ್ಲ. ಅಣ್ಣ ಹೇಳಿದ ಹಸಿ ಗುಂಡಿ ಒಂದು ಇರಲಿ. ಅದರ ಜೊತೆಗೆ ನೆರಳಲ್ಲಿ ಒಂದು ಒಣ ಗುಂಡಿಯೂ ಬೇಕು. ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಬೂದಿ ಒಂದು ಪಾಲು. ಬರೀ ಬೂದಿ ಹಾಕಬೇಡಿ, ನುಣ್ಣಗಿರುವುದರಿಂದ ಮೂಗಿಗೆ ಹೋಗುತ್ತದೆ. ಕೋಳಿ ಅದರಲ್ಲಿ ಹೊರಳಾಡಿ ಮೈಯ ಹೇನು ಉದುರಿಸಿಕೊಳ್ಳುತ್ತದೆ. ಪಾತಿಯಲ್ಲಿ ಹೊರಳಾಡುವುದಕ್ಕೆ ಅರ್ಧ ಕಾರಣ ಇದೇ.

ಮೊಟ್ಟೆ ಕಡಿಮೆ ಆಗಿರುವುದಕ್ಕೆ ಒಂದು ಸಲ ರಾತ್ರಿ ಬ್ಯಾಟರಿ ಹಿಡಿದು ಗೂಡು ನೋಡಿ. ಹಗಲು ನೋಡಿದರೆ ಏನೂ ಕಾಣುವುದಿಲ್ಲ. ಕೋಳಿ ಕೂರುವ ಕೋಲಿನ ಸಂದಿಯಲ್ಲಿ, ಹಲಗೆ ಬಿರುಕಿನಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ನುಸಿ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ರಕ್ತ ಹೀರುತ್ತದೆ. ಬಿಸಿಲು ಶುರುವಾದ ಮೇಲೆ ಬಹಳ ಬೇಗ ಹೆಚ್ಚುತ್ತದೆ. ನಮ್ಮ ಮನೆಯಲ್ಲಿ ಹೋದ ವರ್ಷ ಕೋಳಿಗಳು ಗೂಡಿಗೆ ಹೋಗಲೇ ಒಲ್ಲೆ ಅಂತಿದ್ದವು, ಸುಮ್ನೆ ಹಟ ಅಂದುಕೊಂಡಿದ್ದೆವು, ನೋಡಿದರೆ ಕೋಲಿನ ಕೆಳಗೆಲ್ಲ ಅದೇ. ಕುದಿಯುವ ನೀರು ಸುರಿದು, ಒಣಗಿಸಿ, ಸಂದಿಗೆಲ್ಲ ಬೇವಿನ ಎಣ್ಣೆ ಬಳಿದೆವು. ವಾರ ಬಿಟ್ಟು ಮತ್ತೊಂದು ಸಲ ಬಳಿಯಬೇಕು, ಒಂದೇ ಸಲಕ್ಕೆ ಹೋಗುವುದಿಲ್ಲ.

ನೆರಳಿಗೆ ದುಡ್ಡು ಖರ್ಚು ಮಾಡಬೇಡಿ. ಹಳೆ ಸೀರೆ ಎರಡು ಕಟ್ಟಿ. ನೂಲಿನ ಸೀರೆ ಆದರೆ ಗಾಳಿ ಆಡುತ್ತದೆ. ಮತ್ತೆ ಮೆಕ್ಕೆಜೋಳ ನಿಲ್ಲಿಸಿ, ಅದು ಉಷ್ಣ. ನಾವು ಬೇಸಿಗೆಯಲ್ಲಿ ಬರೀ ಅಕ್ಕಿ ನುಚ್ಚು, ತೌಡು ಕೊಡುತ್ತೇವೆ. ತುಂಬಾ ಏದುಸಿರು ಬಿಟ್ಟರೆ ಮೈಮೇಲೆ ಒಂದೆರಡು ಮಗ್ ನೀರು ಹಾಕುತ್ತೇವೆ.

ಈ ತಿಂಗಳು ಸಂಡಿಗೆ ಹಪ್ಪಳ ಒಣಹಾಕುವಾಗ ಮಾತ್ರ ಕೋಳಿ ಕೂಡಿಹಾಕಿ. ಅಕ್ಕಿ ಸಂಡಿಗೆ ಕಂಡರೆ ಮಹಡಿ ಮೆಟ್ಟಿಲನ್ನೂ ಹತ್ತುತ್ತವೆ.


ನಿವೃತ್ತ_ಪಶುಪರೀಕ್ಷಕ (ಚಿತ್ರದುರ್ಗ)

ಮೇಲಿನ ಇಬ್ಬರೂ ಅನುಭವದ ಮಾತು ಹೇಳಿದ್ದಾರೆ. ಎರಡು ವಿಷಯ ತಿದ್ದಬೇಕು.

ಮೈಮೇಲೆ ನೀರು ಸುರಿಯಬೇಡಿ. ಪುಕ್ಕ ನೆನೆದು ಮೈಗೆ ಅಂಟಿ, ಗಾಳಿ ಇಲ್ಲದ ಗೂಡಿನಲ್ಲಿ ಇನ್ನೂ ಉಬ್ಬೆ ಆಗುತ್ತದೆ. ತೀರಾ ಸುಸ್ತಾದ ಕೋಳಿಯನ್ನು ನೆರಳಿಗೆ ಒಯ್ದು ಎರಡೂ ಕಾಲನ್ನು ತಣ್ಣನೆ ನೀರಿನಲ್ಲಿ ಇಳಿಸಿ ಹಿಡಿಯಿರಿ, ಜುಟ್ಟಿಗೆ ಒದ್ದೆ ಕೈ ಸವರಿ. ಪುಕ್ಕ ಇಲ್ಲದ ಕಾಲು, ಜುಟ್ಟು, ಗದ್ದದ ಕೆಳಗಿನ ಜೋಲು ಚರ್ಮ ಇಲ್ಲಿಂದಲೇ ಅದರ ಬಿಸಿ ಹೊರಗೆ ಹೋಗುವುದು. ಐಸ್ ನೀರು ಬೇಡ, ಮಡಕೆ ನೀರು ಸಾಕು. ಸ್ವಲ್ಪ ಚೇತರಿಸಿಕೊಂಡ ಮೇಲೆ ಬೆಲ್ಲ, ಚಿಟಿಕೆ ಉಪ್ಪು ಹಾಕಿದ ನೀರನ್ನು ಮುಂದೆ ಇಡಿ, ತಾನೇ ಕುಡಿಯಲಿ. ಬಾಯಿ ಬಿಡಿಸಿ ಹೊಯ್ದರೆ ಶ್ವಾಸನಾಳಕ್ಕೆ ಹೋಗುತ್ತದೆ.

ಮೆಕ್ಕೆಜೋಳ ತಪ್ಪಲ್ಲ. ತಪ್ಪು ಇರುವುದು ಹಾಕುವ ಹೊತ್ತಿನಲ್ಲಿ. ಯಾವ ಕಾಳು ತಿಂದರೂ ಅರಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೊಟ್ಟೆ ತುಂಬ ಹಾಕಿದರೆ ಆ ಬಿಸಿ ಮಧ್ಯಾಹ್ನದ ಬಿಸಿಲಿನ ಜೊತೆ ಸೇರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಒಂದು ಪಾಲು, ಸಂಜೆ ಐದರ ಮೇಲೆ ಒಂದು ಪಾಲು ಕೊಡಿ. ನಡುವೆ ಸೊಪ್ಪು, ಸೌತೆ, ಕಲ್ಲಂಗಡಿ ಸಿಪ್ಪೆ ಅಷ್ಟೇ. ಬರೀ ನುಚ್ಚು, ತೌಡಿನಲ್ಲಿ ಮೊಟ್ಟೆ ಇಡುವ ಕೋಳಿಗೆ ಶಕ್ತಿ ಸಾಲುವುದಿಲ್ಲಮ್ಮ.

ಸಿಪ್ಪೆ ಯಾಕೆ ತೆಳ್ಳಗಾಯಿತು ಅಂತ ತಿಳಿದುಕೊಂಡರೆ ಔಷಧ ತಾನೇ ಗೊತ್ತಾಗುತ್ತದೆ. ಕೋಳಿಗೆ ಬೆವರುವ ಗ್ರಂಥಿ ಇಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೊರಗೆ 30 ಡಿಗ್ರಿ ದಾಟಿತೆಂದರೆ ಬಾಯಿ ತೆರೆದು ಏದುಸಿರು ಬಿಟ್ಟು ಬಿಸಿ ಕಳೆಯಬೇಕು. ಹೀಗೆ ಬಿಟ್ಟು ಬಿಟ್ಟು ರಕ್ತದಿಂದ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೋಗುತ್ತದೆ. ಮೊಟ್ಟೆಯ ಸಿಪ್ಪೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಅದಕ್ಕೆ ಬೇಕಾದ ಸಾಮಾನೇ ರಕ್ತದಲ್ಲಿ ಕಡಿಮೆ ಬೀಳುತ್ತದೆ. ಮೇಲೆ ಬಿಸಿಲಿಗೆ ಮೇವೂ ಕಡಿಮೆ ತಿಂದಿರುತ್ತದೆ, ಸುಣ್ಣದ ಅಂಶ ಎಲ್ಲಿಂದ ಬರಬೇಕು? ಕಪ್ಪೆಚಿಪ್ಪಿನ ಪುಡಿ ತಂದು ಬೇರೆ ಬಟ್ಟಲಲ್ಲಿ ಇಡಿ. ಇಲ್ಲದಿದ್ದರೆ ಮನೆಯ ಮೊಟ್ಟೆ ಸಿಪ್ಪೆಯನ್ನೇ ಹುರಿದು ಪುಡಿ ಮಾಡಿ ಇಡಿ, ಸಿಪ್ಪೆಯ ಗುರುತು ಸಿಗದ ಹಾಗೆ ಪುಡಿ ಮಾಡಬೇಕು, ಇಲ್ಲದಿದ್ದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತುತ್ತದೆ. ಸಂಜೆ ಹೊತ್ತು ಇಡುವುದು ಒಳ್ಳೆಯದು, ಯಾಕೆಂದರೆ ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ.

ನೀರಿನ ಲೆಕ್ಕ. ಮೊಟ್ಟೆ ಕೋಳಿ ಸಾಮಾನ್ಯವಾಗಿ ದಿನಕ್ಕೆ ಕಾಲು ಲೀಟರ್ ಕುಡಿದರೆ ಈ ಬಿಸಿಲಿಗೆ ಅರ್ಧ ಲೀಟರ್ ಬೇಕಾಗುತ್ತದೆ. ಏಳು ಕೋಳಿಗೆ ಮೂರೂವರೆ ನಾಲ್ಕು ಲೀಟರ್. ಅಂದರೆ ಕಾಲು ಕೊಡ. ಗಿಡವೋ ಕೋಳಿಯೋ ಅನ್ನುವ ಪ್ರಶ್ನೆಯೇ ಇಲ್ಲಮ್ಮ, ಕೋಳಿ ಕುಡಿಯುವುದು ಅಷ್ಟು ಕಡಿಮೆ. ಮಹಡಿ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ಮಧ್ಯಾಹ್ನ ಹಾಗೇ ಇಡಬೇಡಿ, ಅದು ಸ್ನಾನದ ನೀರಿನಷ್ಟು ಬಿಸಿ ಇರುತ್ತದೆ, ಕೋಳಿ ಮುಟ್ಟುವುದಿಲ್ಲ. ಎಷ್ಟೋ ಮನೆಯಲ್ಲಿ ಬಟ್ಟಲು ತುಂಬ ನೀರಿದ್ದೂ ಕೋಳಿ ಬಾಯಾರಿ ಸತ್ತದ್ದನ್ನು ನೋಡಿದ್ದೇನೆ. ಮಣ್ಣಿನ ಅಗಲ ಬಟ್ಟಲು ಮೂರು ಕಡೆ ನೆರಳಲ್ಲಿ ಇಟ್ಟು, ಹನ್ನೆರಡಕ್ಕೆ ಒಂದು ಸಲ, ಮೂರಕ್ಕೆ ಒಂದು ಸಲ ಬದಲಿಸಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಿಮ್ಮ ಕೋಳಿಗಳು ಬೆಳಿಗ್ಗೆ ಆರಕ್ಕೆ ಹೇಗಿರುತ್ತವೆ? ಬಿಸಿಲಿನ ತೊಂದರೆ ಆದರೆ ಮಧ್ಯಾಹ್ನ ಬಾಯಿ ಬಿಟ್ಟ ಕೋಳಿ ಸಂಜೆಗೆ ಸರಿಹೋಗಿ, ಬೆಳಿಗ್ಗೆ ಚುರುಕಾಗಿ ಮೇಯುತ್ತದೆ. ತಂಪಿನ ಹೊತ್ತಿನಲ್ಲೂ ತೂಕಡಿಸುತ್ತಾ ನಿಂತರೆ, ಹಿಕ್ಕೆ ಹಸಿರು-ಬಿಳಿ ನೀರಾದರೆ, ಕತ್ತು ತಿರುಚಿದರೆ ಅದು ಕೊಕ್ಕರೆ ರೋಗ ಇರಬಹುದು. ರಾಣಿಕೇತ ಅಂತಲೂ ಹೇಳುತ್ತಾರೆ. ಬಂದ ಮೇಲೆ ಔಷಧ ಇಲ್ಲ, ಲಸಿಕೆ ಒಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ರೆಕ್ಕೆಯ ಕೆಳಗೆ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಓಣಿಯವರೆಲ್ಲ ಮಾತಾಡಿಕೊಂಡು ಒಂದೇ ಬೆಳಿಗ್ಗೆ ಪಶು ಆಸ್ಪತ್ರೆಯವರನ್ನು ಕೇಳಿ.

ಒಂದೇ ಸಲಕ್ಕೆ ಹಲವು ಕೋಳಿ ಸತ್ತರೆ ಮುಟ್ಟಬೇಡಿ, ಹೂಳಬೇಡಿ, ಯಾರಿಗೂ ಮಾರಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. 2020ರ ಮಾರ್ಚ್‌ನಲ್ಲಿ ನಿಮ್ಮ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಖಚಿತ ಆಗಿತ್ತು, ನೆನಪಿರಬಹುದು.


ಹಿತ್ತಲ_ಬಾಗಿಲು

ಇಷ್ಟು ಬೇಗ ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಸರ್, ಇವತ್ತು ಐದೂವರೆಗೇ ಎದ್ದು ನೋಡಿದೆ. ಏಳೂ ಚುರುಕಾಗಿವೆ, ಹಿಕ್ಕೆ ಸರಿಯಿದೆ. ಅಷ್ಟು ಸಮಾಧಾನ. ಟ್ಯಾಂಕ್ ನೀರಿನ ಮಾತು ನೂರಕ್ಕೆ ನೂರು ನಿಜ, ನಾನು ಹಿಂದಿನ ನಲ್ಲಿಯಿಂದಲೇ ಹಿಡಿದು ಇಡುತ್ತಿದ್ದೆ. ಕೈ ಹಾಕಿ ನೋಡಿದರೆ ಸುಡುತ್ತಿದೆ. ನೀರು ಇಟ್ಟಿದ್ದೇನಲ್ಲ ಅಂತ ನಾನು ಅಂದುಕೊಂಡಿದ್ದೆ.

ಭಟ್ಟಿ ಓಣಿಯವರೇ, ರಾತ್ರಿ ಬ್ಯಾಟರಿ ಹಿಡಿದು ನೋಡಿದೆವು. ಇದೆ. ಕೋಲಿನ ಎರಡೂ ತುದಿಯಲ್ಲಿ ಗುಂಪು ಗುಂಪಾಗಿದೆ. ನಾಳೆ ಬಿಸಿನೀರು ಹಾಕುತ್ತೇನೆ.


ಹೊಳಲ್ಕೆರೆ_ತೋಟ (ಹೊಳಲ್ಕೆರೆ)

ಕೋಳಿ ವಿಷಯ ಎಲ್ಲರೂ ಹೇಳಿದರು, ನಾನು ಗಿಡದ ಕಡೆಯಿಂದ ಹೇಳುತ್ತೇನೆ ಮೇಡಂ.

ಮೆಣಸಿನಗಿಡ ಸುಟ್ಟಿದ್ದು ಹಸಿ ಕೋಳಿ ಗೊಬ್ಬರದಿಂದ. ಕೋಳಿ ಗೊಬ್ಬರದಲ್ಲಿ ಸಾರಜನಕ ಬಹಳ, ಹಸಿಯಾಗಿ ಹಾಕಿದರೆ ಅಮೋನಿಯಾ ಎದ್ದು ಬೇರು ಸುಡುತ್ತದೆ, ಅದರಲ್ಲೂ ನೀರು ಕಡಿಮೆ ಇರುವಾಗ. ಈಗ ಬುಡದ ಮೇಲಿನ ಮಣ್ಣು ಎರಡು ಬೆರಳು ಕೆರೆದು ತೆಗೆಯಿರಿ, ಎರಡು ದಿನ ಬಿಟ್ಟು ಬಿಟ್ಟು ಚೆನ್ನಾಗಿ ನೀರು ಕೊಡಿ, ಹೊಸ ಚಿಗುರು ಬರುತ್ತದೆ. ಗೊಬ್ಬರವನ್ನು ಒಣ ಎಲೆ, ತೆಂಗಿನ ನಾರಿನ ಪುಡಿ ಜೊತೆ ಪದರ ಪದರ ಹಾಕಿ ಮೂಲೆಯಲ್ಲಿ ಎರಡು ಮೂರು ತಿಂಗಳು ಬಿಡಿ. ಮೇವಿನಲ್ಲಿ ಉಳಿದ ಕಾಳನ್ನೂ ಅದಕ್ಕೇ ಹಾಕಬಹುದು. ಮುಂಗಾರಿಗೆ ಅದೇ ಚಿನ್ನ.

ಟೊಮೆಟೊ ಈಗ ಹೂ ಉದುರಿಸುತ್ತಿದ್ದರೆ ಔಷಧ ಹೊಡೆಯಬೇಡಿ. 35 ಡಿಗ್ರಿ ದಾಟಿದರೆ ಅದಕ್ಕೆ ಕಾಯಿ ಕಚ್ಚುವುದು ಕಷ್ಟ. ಗಿಡ ಉಳಿಸಿಕೊಳ್ಳಲು ಮಧ್ಯಾಹ್ನದ ನೆರಳು ಸಾಕು. ಹೊಸದಾಗಿ ಹಾಕುವುದಾದರೆ ಬೆಂಡೆ, ಚವಳಿಕಾಯಿ, ದಂಟು, ಹೀರೆ. ಇವು ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಕೊತ್ತಂಬರಿ ಬಿಡಿ, ಈಗ ಬಿತ್ತಿದರೆ ಸೊಪ್ಪು ಆಗುವ ಮೊದಲೇ ಹೂ ಬರುತ್ತದೆ.

ನಿಮ್ಮ ಜಾಗಕ್ಕೆ ನಾನು ಹೇಳುವ ದೊಡ್ಡ ಕೆಲಸ ಒಂದೇ. ಗೂಡಿನ ಮೇಲೆ ಚಪ್ಪರ ಹಾಕಿ ಹೀರೆ ಹಬ್ಬಿಸಿ. ಈಗ ಬೀಜ ಹಾಕಿದರೆ ಏಪ್ರಿಲ್ ಮಧ್ಯದ ಹೊತ್ತಿಗೆ ಚಪ್ಪರ ತುಂಬುತ್ತದೆ, ನಿಜವಾದ ಬಿಸಿಲು ಇರುವುದೇ ಆಗ. ತಗಡಿಗೆ ನೆರಳು, ನಿಮಗೆ ಕಾಯಿ, ಗಿಡಕ್ಕೆ ಹಾಕಿದ ನೀರಿನಿಂದಲೇ ಕೋಳಿಗೆ ತಂಪು. ಗಿಡಕ್ಕೆ ಒಂದು ಲೋಟ, ಕೋಳಿಗೆ ಒಂದು ಲೋಟ ಅಂತ ನೀರು ಬೇರೆ ಬೇರೆ ಮಾಡುವುದೇ ಬೇಡ. ನಮ್ಮ ಮನೆಯಲ್ಲಿ ಹೀರೆ, ಸೋರೆ ಎರಡೂ ಹೀಗೇ ಇವೆ. ಬಳ್ಳಿ ಒಂದು ಅಡಿ ಎತ್ತರ ಆಗುವವರೆಗೆ ಬುಡಕ್ಕೆ ಜಾಲಿ ಮುಳ್ಳು ಸುತ್ತಿ, ಆಮೇಲೆ ಅವು ಮುಟ್ಟುವುದಿಲ್ಲ.

ಪಾತಿಗೆ ಹೊದಿಕೆ ಬೇಕೇ ಬೇಕು. ಆದರೆ ಬರೀ ಹುಲ್ಲು ಹಾಕಿದರೆ ಐದು ನಿಮಿಷಕ್ಕೆ ಕೋಳಿ ಹರಡಿಬಿಡುತ್ತದೆ. ನಮ್ಮ ಕಡೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಇದೆ. ಮಟ್ಟೆಯನ್ನು ಬೋರಲು ಹಾಕಿ ಒತ್ತಾಗಿ ಜೋಡಿಸಿ, ಕೋಳಿ ಕಾಲಿಗೆ ಅದು ಏಳುವುದಿಲ್ಲ. ಪಾತಿಯನ್ನೂ ನೆಲಕ್ಕಿಂತ ನಾಲ್ಕು ಬೆರಳು ತಗ್ಗಿಸಿ, ಎತ್ತರದ ಮಡಿ ಮಳೆಗಾಲಕ್ಕೆ ಸರಿ, ಬೇಸಿಗೆಗೆ ಅಲ್ಲ. ಎರಡು ಬದನೆ ಗಿಡಗಳ ನಡುವೆ ಒಂದು ಸಣ್ಣ ಮಡಕೆ ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಡಿ. ಸುಟ್ಟ ಮಣ್ಣಿನ ಮಡಕೆ, ಬಣ್ಣ ಬಳಿದಿರಬಾರದು. ಮಡಕೆ ಜಿನುಗಿದಷ್ಟೇ ಬೇರಿಗೆ ಹೋಗುತ್ತದೆ, ಮೇಲಿನ ಮಣ್ಣು ಒಣಗಿರುತ್ತದೆ. ಮೇಲೆ ಒಣಗಿದ್ದರೆ ಕೋಳಿಗೆ ಅಲ್ಲಿ ಕೆಲಸ ಇಲ್ಲ. ಚಳ್ಳಕೆರೆ ಅಣ್ಣ ಹೇಳಿದ ಮಾತೇ ಇದು, ಇನ್ನೊಂದು ತುದಿಯಿಂದ.


ಹೊಳೆದಂಡೆ_ಮನೆ (ಹರಿಹರ)

ನಿಮ್ಮ ಅತ್ತೆಯವರ ಪರವಾಗಿ ಎರಡು ಮಾತು. ನಾಟಿ ಕೋಳಿ ವರ್ಷಪೂರ್ತಿ ಮೊಟ್ಟೆ ಇಡುವುದಿಲ್ಲ, ಹನ್ನೆರಡು ಹದಿನೈದು ಇಟ್ಟು ನಿಲ್ಲಿಸುತ್ತದೆ, ಆಮೇಲೆ ಕಾವು, ಮರಿ. ಹಾಗಾಗಿ ಕಡಿಮೆ ಆಗಿರುವುದೆಲ್ಲ ಬಿಸಿಲಿನ ತಪ್ಪು ಅಂತ ಹೇಳಲು ಬರುವುದಿಲ್ಲ. ಮತ್ತೆ ಗಿರಿರಾಜ ಭಾರದ ಕೋಳಿ, ಬಿಸಿಲಿಗೆ ಮೊದಲು ಸೋಲುವುದು ಅದೇ. ಗೂಡು ಚಿಕ್ಕದಿದ್ದರೆ ಆ ಎರಡನ್ನು ಕೊಟ್ಟು ನಾಟಿ ಇಟ್ಟುಕೊಳ್ಳಿ. ನಾವು ಪ್ರತಿ ವರ್ಷ ಯುಗಾದಿಗೆ ಮೊದಲು ಎರಡು ಮೂರು ಕಡಿಮೆ ಮಾಡುತ್ತೇವೆ, ಉಳಿದವು ಆರಾಮಾಗಿರುತ್ತವೆ. ದೊಡ್ಡವರು ಹೇಳುವುದು ಪೂರಾ ಬೇಡ ಅನ್ನಬೇಡಿ.


ಹಿತ್ತಲ_ಬಾಗಿಲು

ಹದಿಮೂರು ದಿನ ಆಯಿತು, ಏನೇನು ಮಾಡಿದೆ ಅಂತ ಬರೆಯದಿದ್ದರೆ ಸರಿ ಅನ್ನಿಸುವುದಿಲ್ಲ.

ಗುಂಡಿ ತೋಡಿದ್ದು ಮಗ ಮತ್ತೆ ನಮ್ಮ ಯಜಮಾನರು, ಭಾನುವಾರ ಒಂದು ಗಂಟೆ ಕೆಲಸ. ಮೊದಲ ದಿನ ಕೋಳಿಗಳು ಹತ್ತಿರ ಬರಲಿಲ್ಲ. ನಾನು ಆಯಿತು ಬಿಡು ಅಂದುಕೊಂಡೆ. ಎರಡನೇ ದಿನ ಹುಂಜ ಹೋಗಿ ಕೆದರಿ ನೋಡಿತು, ಅದರ ಹಿಂದೆ ಒಂದೊಂದಾಗಿ ಎಲ್ಲ ಇಳಿದವು. ಈಗ ಹನ್ನೊಂದು ಗಂಟೆಗೆ ಬಕೆಟ್ ಸದ್ದು ಕೇಳಿದರೆ ಸಾಕು, ಓಡಿ ಬಂದು ಬಾಳೆ ಬುಡದಲ್ಲಿ ಕಾಯುತ್ತವೆ. ಬದನೆ ಪಾತಿಗೆ ಮಟ್ಟೆ ಮುಚ್ಚಿದೆ, ಎರಡು ಮಡಕೆ ಹೂತೆ. ಬೇರು ಹೊರಗೆ ಬಂದಿದ್ದ ಗಿಡಗಳಲ್ಲಿ ಎರಡು ಹೋದವು, ಐದು ಉಳಿದಿವೆ, ಒಂದರಲ್ಲಿ ಹೂ ಇದೆ. ಮೆಣಸಿನಗಿಡ ಚಿಗುರಿದೆ.

ತಗಡಿಗೆ ಸುಣ್ಣ, ಮೇಲೆ ಗರಿ. ಗೂಡಿನೊಳಗೆ ಮಧ್ಯಾಹ್ನ ಎರಡಕ್ಕೆ ಕೈ ಇಟ್ಟು ನೋಡುತ್ತೇನೆ, ಪ್ರತಿ ದಿನ ನೋಡುತ್ತೇನೆ. ಮೊದಲಿನ ಹಾಗೆ ಇಲ್ಲ. ಹೀರೆ ಬೀಜ ಮೊಳೆತು ನಾಲ್ಕು ಎಲೆ ಆಗಿದೆ. ಎಣ್ಣೆ ಎರಡು ಸಲ ಬಳಿದೆವು, ನುಸಿ ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ. ನಿನ್ನೆ ಎರಡು ಮೊಟ್ಟೆ, ಇವತ್ತು ಎರಡು, ಸಿಪ್ಪೆ ಗಟ್ಟಿ. ಲಸಿಕೆಗೆ ಓಣಿಯಲ್ಲಿ ಆರು ಮನೆಯವರು ಸೇರಿ ಹೆಸರು ಕೊಟ್ಟಿದ್ದೇವೆ, ಒಟ್ಟು 60 ಕೋಳಿ ಮೇಲಾಗುತ್ತದೆ.

ಹರಿಹರದವರ ಮಾತು ಅತ್ತೆಗೆ ಓದಿ ಹೇಳಿದೆ. ಗಿರಿರಾಜದಲ್ಲಿ ಒಂದನ್ನು ನಮ್ಮ ನಾದಿನಿಗೆ ಕೊಟ್ಟೆವು, ಅವರ ಮನೆ ಹಿಂದೆ ದೊಡ್ಡ ಹುಣಸೆ ಮರ ಇದೆ, ನೆರಳು ಚೆನ್ನಾಗಿದೆ. ಉಳಿದ ಆರು ಇಲ್ಲೇ. ನಾನು ಕೆಲಸದಲ್ಲಿ ಮರೆತರೆ ಈಗ ಗುಂಡಿಗೆ ನೀರು ಚಿಮುಕಿಸುವುದು ಅತ್ತೆನೇ.

ಒಂದು ಹೊಸ ಪ್ರಶ್ನೆ. ಕೆಂದ ಹ್ಯಾಟೆ ನಾಲ್ಕು ದಿನದಿಂದ ಕಾವಿಗೆ ಕೂತಿದೆ, ಏಳುವುದೇ ಇಲ್ಲ. ಈ ಬಿಸಿಲಲ್ಲಿ ಮೊಟ್ಟೆ ಇಟ್ಟು ಕೂರಿಸಬಹುದಾ?


ಚಳ್ಳಕೆರೆ_ಶೇಂಗಾ

ಕೂರಿಸಬಹುದು ತಂಗಿ, ಗೂಡಿನಲ್ಲಿ ಮಾತ್ರ ಬೇಡ. ಮನೆಯೊಳಗೆ ಮಂಚದ ಕೆಳಗೋ, ಅಟ್ಟದ ಕೆಳಗಿನ ಕತ್ತಲೆ ಮೂಲೆಗೋ ಬುಟ್ಟಿ ಇಡಿ. ಬುಟ್ಟಿಗೆ ಮರಳು, ಅದರ ಮೇಲೆ ಭತ್ತದ ಹುಲ್ಲು. ಮರಳನ್ನು ಸ್ವಲ್ಪ ತೇವ ಮಾಡಿ. ಚಳಿಗಾಲದಲ್ಲಿ ಹನ್ನೆರಡು ಇಡುವ ಕಡೆ ಈಗ ಒಂಬತ್ತು ಸಾಕು. ಮೊಟ್ಟೆ ವಾರದೊಳಗಿನವು ಆಗಿರಲಿ, ಮತ್ತೆ ಇಟ್ಟ ಕೂಡಲೇ ಎತ್ತಿ ತಂಪಲ್ಲಿ ಇಟ್ಟಿದ್ದವು ಆಗಿರಲಿ. ಬೇಸಿಗೆಯಲ್ಲಿ ಗೂಡಿನಲ್ಲೇ ಬಿಟ್ಟ ಮೊಟ್ಟೆ ಕೋಳಿ ಕೂರದೆಯೇ ಅರ್ಧಂಬರ್ಧ ಕಾವಾಗಿ ಕೆಡುತ್ತದೆ. ನಮ್ಮ ಅಮ್ಮ ರಾಗಿ ತುಂಬಿದ ಮಡಕೆಯಲ್ಲಿ ಹೂತು ಇಡುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ.

ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕೋಳಿಯನ್ನು ಎಬ್ಬಿಸಿ ಕಾಳು, ನೀರು ಕೊಡಿ. ಕಾವಿಗೆ ಕೂತ ಕೋಳಿ ಹಸಿವೆ, ಬಾಯಾರಿಕೆ ಮರೆಯುತ್ತದೆ. ಇವತ್ತು ಸಂಜೆ ಇಟ್ಟರೆ 21 ದಿನ. ಅಷ್ಟು ಹೊತ್ತಿಗೆ ಅಶ್ವಿನಿ ಮಳೆ ಕಾಯುತ್ತಿರುತ್ತೇವೆ. ಮರಿ ಹೊರಟ ದಿನ ಬರೆಯಿರಿ, ಮೊದಲ ವಾರದ ಹನಿ ಲಸಿಕೆ ಮರೆಯಬೇಡಿ.